ಬಾಣಂತಿಗೆ ಡಯೆಟ್ ಹೇಳೋರು ಕನ್ನಡದಲ್ಲಿ ಹೇಳಲಿ!



ಕರಾಮದಲ್ಲಿ ಕನ್ನಡಿಗರಿಗೆ ಏನು ಕಮ್ಮಿ ಹೇಳಿ? ಉಡುಪಿ ಶೈಲಿಯ ಮಸಾಲೆ ದೋಸೆ ಸಿಗುತ್ತೆ. ರಾಗಿ ಹಿಟ್ಟು, ಕುಚ್ಚಲಕ್ಕಿ, ಬ್ಯಾಡಗಿ ಮೆಣಸಿನಕಾಯಿ ಸಿಗುತ್ತೆ. ಬಾಣಂತಿಗೆ ಬೇಕಾದ ಒಣಕೊಬ್ಬರಿ, ಅಂಟು, ಮೆಂತ್ಯ ಎಲ್ಲಾ ಸಿಗುತ್ತೆ. ನವೆಂಬರ್ ಬಂತೆಂದರೆ ಬೆಂಗಳೂರಿನಿಂದ ಸಿನಿಮಾದವರನ್ನು ಕರೆಸಿ ರಾಜ್ಯೋತ್ಸವ ಮಾಡುವಷ್ಟು ಶಕ್ತಿಯೂ ನಮಗಿದೆ. ಆದರೆ ಹೆರಿಗೆಯಾದ ಹೆಂಗಸು ಮಗುವಿಗೆ ಹಾಲೂಡಿಸುತ್ತಲೇ ಏರಿದ ತೂಕವನ್ನು ಅಪಾಯವಿಲ್ಲದೆ ಇಳಿಸೋದು ಹೇಗೆ ಅಂತ ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಇಲ್ಲಿನ ಯಾವ ಆಸ್ಪತ್ರೆಯ ಕೌಂಟರಿನಲ್ಲೂ ನಾವಂತೂ ನೋಡಿಲ್ಲ. ಅರಬಿಯಲ್ಲಿದೆ, ಇಂಗ್ಲಿಶಿನಲ್ಲಿದೆ. ಬಾಯಿಮಾತಿನಲ್ಲಿ ಹಿಂದಿ, ಮಲಯಾಳಂ ಕೂಡ ಸಿಗುತ್ತೆ. ಕನ್ನಡ ಮಾತ್ರ ದೋಸೆಗೂ ರಾಜ್ಯೋತ್ಸವಕ್ಕೂ!

"ದುಬೈಗೆ ಬಂದು ಕೂತವರಿಗೆ ಇಂಗ್ಲಿಶ್ ಬರಲ್ವಾ? ಇದಕ್ಕೂ ಕನ್ನಡ ಹೋರಾಟನಾ?" ಅಂತ ಕೇಳೋರು ನಮ್ಮಲ್ಲೇ ಇದ್ದಾರೆ. ಅವರಿಗೆ ಉತ್ತರ ಕೊಡಲೆಂದೇ ಈ ಮಿಂಚಂಚೆ.

ಇಂಗ್ಲಿಶ್ ಬರುತ್ತೆ ಸ್ವಾಮಿ. ಹೆತ್ತವಳಿಗೆ ಬರುತ್ತೆ, ಅವಳ ಗಂಡನಿಗೂ ಬರುತ್ತೆ. ಆದರೆ ಅಡುಗೆ ಮಾಡೋರು ಯಾರು? ಹಾಸನದಿಂದಲೋ ಕುಂದಾಪುರದಿಂದಲೋ ಬಾಗಲಕೋಟೆಯಿಂದಲೋ ವಿಸಿಟ್ ವೀಸಾದಲ್ಲಿ ಬಂದ ಅಮ್ಮ, ಇಲ್ಲವೇ ಅತ್ತೆ. ಬಾಣಂತಿಯ ತಟ್ಟೆಗೆ ಏನು ಬೀಳಬೇಕು, ಎಷ್ಟು ನೀರು ಕುಡಿಯಬೇಕು, ಯಾವಾಗ ಎದ್ದು ಓಡಾಡಬೇಕು ಅನ್ನೋದನ್ನೆಲ್ಲ ತೀರ್ಮಾನಿಸೋರು ಅವರು. ಅವರು ಓದೋದು ಕನ್ನಡ. ಮನೆಮಾತು ತುಳು ಇರಬಹುದು, ಬ್ಯಾರಿ ಇರಬಹುದು, ಕೊಂಕಣಿ ಇರಬಹುದು. ಶಾಲೆಯಲ್ಲಿ ಓದಿದ್ದು, ಪೇಪರಿನಲ್ಲಿ ಇವತ್ತೂ ಓದೋದು ಕನ್ನಡವನ್ನೇ. ಡಾಕ್ಟರು ಇಂಗ್ಲಿಶಿನಲ್ಲಿ ಹೇಳಿದ್ದನ್ನು ಮಗಳು ಮನೆಗೆ ಬಂದು ಹೇಳಿದರೆ "ಅವರಿಗೇನು ಗೊತ್ತು, ನಾವು ಹೆತ್ತಿಲ್ವಾ?" ಅಂತ ಒಂದೇ ಮಾತಿಗೆ ಮುಗಿಯುತ್ತೆ. ಅದೇ ಮಾತು ಅಚ್ಚಾದ ಕನ್ನಡದಲ್ಲಿ, ಕನ್ನಡದ ಡಾಕ್ಟರೊಬ್ಬರ ಹೆಸರಿನೊಂದಿಗೆ ಅಮ್ಮನ ಕೈಗೇ ಸಿಕ್ಕಿದ್ದರೆ? ಕನ್ನಡಕ ಹಾಕಿಕೊಂಡು ಎರಡು ಸಲ ಓದುತ್ತಿದ್ದರು. ಒಪ್ಪುತ್ತಿದ್ದರೋ ಇಲ್ಲವೋ ಆಮೇಲಿನ ಮಾತು. ಮೊದಲು ಓದುತ್ತಿದ್ದರಲ್ಲ!

ಇಲ್ಲಿನ ಲೆಕ್ಕವನ್ನೂ ಸ್ವಲ್ಪ ನೋಡಿ. ಯುಎಇಯ ಖಾಸಗಿ ಕಂಪನಿಗಳಲ್ಲಿ ಹೆರಿಗೆ ರಜೆ 60 ದಿನ. ಅದರಲ್ಲಿ 45 ದಿನಕ್ಕೆ ಪೂರ್ತಿ ಸಂಬಳ, 15 ದಿನಕ್ಕೆ ಅರ್ಧ. 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾರ್ಮಿಕ ಕಾನೂನಿನ ನಿಯಮ ಇದು. (ಸರ್ಕಾರಿ ನೌಕರಿಗೂ ಡಿಐಎಫ್‌ಸಿಗೂ ಲೆಕ್ಕ ಬೇರೆ.) ಹೋಲಿಕೆಗೆ ಬೇಕಿದ್ದರೆ, ಇಂಡಿಯಾದಲ್ಲಿ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ. ಅಮ್ಮ ಬರುವ ವಿಸಿಟ್ ವೀಸಾ ಕೂಡ ಹೆಚ್ಚಾಗಿ 30 ದಿನದ್ದು, ಇಲ್ಲವೇ 60 ದಿನದ್ದು. ಅಂದರೆ ಅಮ್ಮ ವಿಮಾನ ಹತ್ತುವುದೂ ಮಗಳು ಆಫೀಸಿನ ಬಟ್ಟೆ ಹಾಕುವುದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಹಳೆಯ ಬಟ್ಟೆ ಹಿಡಿಸೋದಿಲ್ಲ. ಕನ್ನಡಿ ನೋಡಿದರೆ ಅಳು ಬರುತ್ತೆ. ಆಫೀಸಿನಲ್ಲಿ ಯಾರೋ "ಇನ್ನೂ ಇಳಿದಿಲ್ವಾ?" ಅಂತ ನಗುತ್ತಾ ಕೇಳ್ತಾರೆ. ಅಮ್ಮನ ಪಥ್ಯ ಮುಗಿದ ಮಾರನೇ ದಿನವೇ ಮೊಬೈಲಿನ ಡಯೆಟ್ ಶುರು!

ಆಮೇಲೆ ನಡೆಯೋದು ನೋಡಿ ಗುರು. ಎರಡು ತಿಂಗಳು ಒಂದು ಅತಿ, ಮುಂದಿನ ಎರಡು ತಿಂಗಳು ಇನ್ನೊಂದು ಅತಿ.

ಮೊದಲನೇ ಅತಿ ನಮ್ಮದೇ. ನಮ್ಮ ಬಾಣಂತನವನ್ನು ನಾವು ಹಳಿಯೋದಿಲ್ಲ. ಹೆತ್ತವಳನ್ನು ಮಲಗಿಸಿ, ಎರೆದು, ಬೇರೆಯವರೇ ಬೇಯಿಸಿ ಹಾಕೋ ಪದ್ಧತಿ ನಮ್ಮಲ್ಲಿದೆ, ಅದಕ್ಕೊಂದು ಹೆಸರೂ ಇದೆ. ಹೆರಿಗೆಯಾದ ಎರಡನೇ ವಾರಕ್ಕೇ ಒಂಟಿಯಾಗಿ ಟ್ರಾಲಿ ತಳ್ಳುವವರನ್ನು ಇಲ್ಲಿ ನೋಡಿದಾಗೆಲ್ಲ ಅದರ ಬೆಲೆ ಗೊತ್ತಾಗುತ್ತೆ. ಬೆಳ್ಳುಳ್ಳಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಮೆಂತ್ಯದ ಗಂಜಿ ಯಾವುದಕ್ಕೂ ನಮ್ಮ ತಕರಾರಿಲ್ಲ. ತಕರಾರಿರೋದು ಎರಡಕ್ಕೆ. ಒಂದು, ನೀರು ಕುಡಿಯಬೇಡ ಅನ್ನೋದು. ನಂಜಾಗುತ್ತೆ, ಶೀತವಾಗುತ್ತೆ, ಹೊಟ್ಟೆ ಬರುತ್ತೆ ಅಂತ ಹಾಲೂಡಿಸೋ ಹೆಂಗಸಿಗೆ ಲೋಟ ಎಣಿಸಿ ನೀರು ಕೊಡೋ ಮನೆಗಳು ಇವತ್ತಿಗೂ ಇವೆ, ಅದೂ ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ದಿನವಿಡೀ ಏಸಿ ಇರುವ ಊರಿನಲ್ಲಿ! ಹಾಲಿನಲ್ಲಿ ಹೆಚ್ಚುಪಾಲು ಇರೋದೇ ನೀರು. ಬಾಯಾರಿದಾಗ ಬಾಯಾರಿಕೆ ತೀರುವಷ್ಟು ಕುಡಿಯಬೇಕು, ಅಷ್ಟೇ. ನೀರು ಕಡಿಮೆ ಕುಡಿದರೆ ಹೊಟ್ಟೆ ಕರಗೋದಿಲ್ಲ. ಮಲ ಕಟ್ಟುತ್ತೆ, ಸುಸ್ತಾಗುತ್ತೆ.

ಇನ್ನೊಂದು ತುಪ್ಪ. ಇದರ ಲೆಕ್ಕ ತುಂಬಾ ಸರಳ, ಯಾರೂ ಹಾಕೋದಿಲ್ಲ. ಮೊದಲ ಆರು ತಿಂಗಳು ಹಾಲೂಡಿಸೋ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೋರಿ ಹೆಚ್ಚು ಬೇಕು, ಆಮೇಲಿನ ಆರು ತಿಂಗಳು 520. ಇದು ನಮ್ಮ ಐಸಿಎಂಆರ್ ಹೇಳುವ ಲೆಕ್ಕ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ತಯಾರಾಗೋದಕ್ಕೆ ಅಷ್ಟು ಖರ್ಚು. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 120 ಕ್ಯಾಲೋರಿ ಇದೆ. ಐದು ಚಮಚ ತುಪ್ಪಕ್ಕೆ ಆ 600 ಮುಗೀತು! ಅನ್ನಕ್ಕೆರಡು, ದೋಸೆಗೊಂದು, ಬೆಳಗ್ಗೆ ಒಂದು ಅಂಟಿನ ಉಂಡೆ, ಸಂಜೆ ಇನ್ನೊಂದು ಅಂದರೆ ಹಾಲಿಗೆ ಹೋಗುವುದಕ್ಕಿಂತ ಒಳಗೆ ಬರುವುದೇ ಹೆಚ್ಚು. "ಹಾಲು ಕೊಟ್ಟರೆ ತಾನಾಗೇ ತೆಳ್ಳಗಾಗ್ತೀಯ" ಅಂತ ಹೇಳಿದ್ದು ಕೆಲವರಿಗೆ ನಿಜವಾಗಿ, ಕೆಲವರಿಗೆ ಯಾಕೆ ಸುಳ್ಳಾಗುತ್ತೆ ಅನ್ನೋದಕ್ಕೆ ದೊಡ್ಡ ಕಾರಣ ಇದೇ. ಗದ್ದೆಯಲ್ಲಿ ಕೆಲಸ ಮಾಡಿ ಸೊರಗಿದ್ದ ನಮ್ಮಜ್ಜಿಯ ಕಾಲಕ್ಕೆ ಆ ತುಪ್ಪ ಬೇಕಿತ್ತು. ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತವಳಿಗೂ ಅಷ್ಟೇ ಸುರಿದರೆ ಹೇಗೆ?

ಇನ್ನು ಎರಡನೇ ಅತಿ. ಇದು ಹೆಚ್ಚು ಅಪಾಯದ್ದು. ಅಕ್ಕಿ ಬಿಡು, ರಾಗಿ ಬಿಡು, ಬರೀ ಮೊಟ್ಟೆ-ಪನೀರ್ ತಿನ್ನು ಅನ್ನೋ ಕೀಟೋ. ಹದಿನಾರು ಗಂಟೆ ಉಪವಾಸ. ದಿನವಿಡೀ ಬರೀ ಜ್ಯೂಸು. ಹೊಟ್ಟೆ ಕರಗಿಸೋ ಚಹಾ. ಇದೆಲ್ಲ ಯಾರೋ ಒಬ್ಬರು ತೆಳ್ಳಗಾದ ಫೋಟೋ ಜೊತೆ ವಾಟ್ಸಾಪಿನಲ್ಲಿ ಬರುತ್ತೆ. ಆ ಫೋಟೋದಲ್ಲಿರೋಳು ಹಾಲೂಡಿಸ್ತಿದ್ದಳಾ ಅಂತ ಯಾರೂ ಕೇಳೋದಿಲ್ಲ.

ಕೇಳಬೇಕು. 2015ರಲ್ಲಿ ಸ್ವೀಡನ್ನಿನ ವೈದ್ಯರು ಒಂದು ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. 32 ವರ್ಷದ ತಾಯಿ, ಹತ್ತು ತಿಂಗಳ ಮಗು, ಇನ್ನೂ ಹಾಲೂಡಿಸುತ್ತಿದ್ದಳು. ಸಕ್ಕರೆ ಕಾಯಿಲೆ ಇರಲಿಲ್ಲ. ತೂಕ ಇಳಿಸಲು ಅನ್ನ-ಬ್ರೆಡ್ಡಿನಂಥ ಪಿಷ್ಟವನ್ನೆಲ್ಲ ಹೆಚ್ಚುಕಡಿಮೆ ಪೂರ್ತಿ ಬಿಟ್ಟು ಕೊಬ್ಬಿನ ಊಟಕ್ಕಿಳಿದಳು. ಕೊನೆಗೆ ವಾಂತಿ, ಸುಸ್ತಿನಿಂದ ಆಸ್ಪತ್ರೆ ಸೇರಿದಾಗ ಅವಳ ರಕ್ತ ಆಮ್ಲವಾಗಿತ್ತು. ಇದಕ್ಕೆ ಕೀಟೋ ಅಸಿಡೋಸಿಸ್ ಅಂತಾರೆ. ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯವರಲ್ಲಿ ಕಾಣುವ, ಪ್ರಾಣಕ್ಕೇ ಕುತ್ತು ತರಬಲ್ಲ ಸ್ಥಿತಿ. ಕಾರಣ ಕಷ್ಟದ್ದಲ್ಲ. ಹಾಲಿನಲ್ಲಿರುವ ಸಕ್ಕರೆ ತಾಯಿಯ ರಕ್ತದಿಂದಲೇ ಹೋಗಬೇಕು. ಒಳಗೆ ಬರೋದನ್ನು ನಿಲ್ಲಿಸಿ ಹೊರಗೆ ಕೊಡ್ತಾನೇ ಇದ್ದರೆ ಮೈ ಕೊಬ್ಬನ್ನು ಅವಸರದಿಂದ ಸುಡೋಕೆ ಶುರುಮಾಡುತ್ತೆ, ಅದರ ಆಮ್ಲ ರಕ್ತದಲ್ಲಿ ತುಂಬಿಕೊಳ್ಳುತ್ತೆ. ಇಂಥ ಪ್ರಕರಣ ಅಪರೂಪ, ನಿಜ. ಆದರೆ ಅಪರೂಪ ಅನ್ನೋದು ಆ ಮನೆಯವರಿಗೆ ಸಮಾಧಾನ ಕೊಡೋ ಮಾತಲ್ಲ.

ಚಹಾ ಮತ್ತು ಪುಡಿಗಳದ್ದು ಬೇರೆ ಕಥೆ. ಕೆಲವದರಲ್ಲಿ ಇರೋದು ಬರೀ ಭೇದಿಯ ಸೋನಾಮುಖಿ. ತೂಕ ಇಳಿದ ಹಾಗೆ ಕಾಣೋದು ನೀರು ಹೋಗಿದ್ದಕ್ಕೆ. ಇನ್ನು ಕೆಲವದರಲ್ಲಿ ಸಿಬುಟ್ರಮಿನ್ ಅನ್ನೋ ಔಷಧಿಯನ್ನು ಹೇಳದೇ ಬೆರೆಸಿರೋದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಕ್ಕೆ ಅಪಾಯ ಅಂತ ಅಮೆರಿಕಾ, ಯೂರೋಪುಗಳು 2010ರಲ್ಲೇ ಮಾರುಕಟ್ಟೆಯಿಂದ ತೆಗೆದುಹಾಕಿದ ಔಷಧಿ ಅದು. ಈಗಿನ ಹೊಸ ಸೂಜಿಗಳು, ಅಂದರೆ ಓಜೆಂಪಿಕ್, ವೆಗೋವಿ, ಮೌಂಜಾರೋ? ಹಾಲೂಡಿಸುವ ತಾಯಂದಿರ ಮೇಲೆ ಅವುಗಳ ಪರೀಕ್ಷೆ ಸಾಲದಷ್ಟೇ ಆಗಿದೆ. ಗೆಳತಿ ಚುಚ್ಚಿಕೊಂಡಳು ಅಂತ ನೀವೂ ಚುಚ್ಚಿಕೊಳ್ಳೋ ವಸ್ತುವಲ್ಲ. ಹಾಲೂಡಿಸುತ್ತಿದ್ದೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು.

ಹಾಗಾದರೆ ಹಾಲೂಡಿಸುವಾಗ ತೂಕ ಇಳಿಸಲೇಬಾರದಾ? ಇಳಿಸಬಹುದು! ಇದನ್ನೇ ಯಾರೂ ನೆಟ್ಟಗೆ ಹೇಳೋದಿಲ್ಲ. 2000ದಲ್ಲಿ ಅಮೆರಿಕಾದಲ್ಲಿ 40 ತಾಯಂದಿರ ಮೇಲೆ ಒಂದು ಅಧ್ಯಯನ ನಡೆದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಎಲ್ಲರೂ ತೂಕ ಹೆಚ್ಚಿದ್ದವರು, ಮಗುವಿಗೆ ಎದೆಹಾಲನ್ನೇ ಕೊಡುತ್ತಿದ್ದವರು. ಅವರಲ್ಲೊಂದು ಗುಂಪು ದಿನಕ್ಕೆ 500 ಕ್ಯಾಲೋರಿ ಕಡಿಮೆ ಉಂಡು, ವಾರಕ್ಕೆ ನಾಲ್ಕು ದಿನ 45 ನಿಮಿಷ ವ್ಯಾಯಾಮ ಮಾಡಿತು. ಹತ್ತು ವಾರದಲ್ಲಿ ಸರಾಸರಿ 4.8 ಕಿಲೋ ಇಳಿದರು. ಏನೂ ಮಾಡದ ಗುಂಪು ಇಳಿದದ್ದು 0.8 ಕಿಲೋ. ಮಕ್ಕಳ ತೂಕದಲ್ಲಾಗಲೀ ಉದ್ದದಲ್ಲಾಗಲೀ ವ್ಯತ್ಯಾಸ ಬರಲಿಲ್ಲ. ಅಂದರೆ ವಾರಕ್ಕೆ ಅರ್ಧ ಕಿಲೋ. ಅದಕ್ಕಿಂತ ಜೋರಾಗಿ ಓಡಬಾರದು. ಅದಕ್ಕೂ ಮೊದಲೇ, 1991ರಲ್ಲಿ, ಅಮೆರಿಕಾದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ತಿಂಗಳಿಗೆ ಎರಡು ಕಿಲೋ ಇಳಿದರೆ ಹಾಲಿಗೆ ತೊಂದರೆಯಿಲ್ಲ, ಆದರೆ ಹಾಲೂಡಿಸುವಾಗ ಊಟ 1500 ಕ್ಯಾಲೋರಿಗಿಂತ ಕೆಳಗೆ ಎಂದೂ ಇಳಿಯಬಾರದು ಅಂತ ಹೇಳಿತ್ತು. 1800ರ ಆಸುಪಾಸಿನಲ್ಲಿರೋದು ಕ್ಷೇಮ. ಹಾಲು ಸರಿಯಾಗಿ ಕೂಡಿಕೊಳ್ಳುವವರೆಗೆ, ಅಂದರೆ ಮೊದಲ ಆರೆಂಟು ವಾರ, ತೂಕದ ಯೋಚನೆಯೇ ಬೇಡ. ಸಿಸೇರಿಯನ್ ಆದವರಿಗೆ ವ್ಯಾಯಾಮ ಯಾವಾಗ ಅಂತ ಅವರ ಡಾಕ್ಟರೇ ಹೇಳಬೇಕು.

ಇದಕ್ಕೆ ಕೀಟೋ ಬೇಕಾ, ಜಿಮ್ಮು ಬೇಕಾ? ತುಪ್ಪದ ಐದು ಚಮಚ ಎರಡಕ್ಕೆ ಇಳಿಯಲಿ, ಉಂಡೆ ದಿನಕ್ಕೊಂದಾಗಲಿ, ಹಾಲೂಡಿಸುವಾಗ ಬಾಯಿಗೆ ಹೋಗೋ ಬಿಸ್ಕತ್ತು-ಖಾರಾ ಜಾಗದಲ್ಲಿ ಕಡಲೆಯೋ ಹಣ್ಣೋ ಬರಲಿ. 500 ಕ್ಯಾಲೋರಿ ಅಲ್ಲೇ ಹೋಯ್ತು! ರಾಗಿ ಮುದ್ದೆ ಬಿಡೋದ್ಯಾಕೆ? 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಶಿಯಂ ಇದೆ. ಹಾಲಿಗೆ ಬೇಕಾದ ಕ್ಯಾಲ್ಶಿಯಂ ಊಟದಲ್ಲಿ ಸಾಲದಿದ್ದರೆ ತಾಯಿಯ ಮೂಳೆಯಿಂದಲೇ ಹೋಗೋದು. ಮುದ್ದೆಗೆ ಬಸ್ಸಾರು, ಸೊಪ್ಪು, ಹೆಸರುಕಾಳು. ಕುಚ್ಚಲಕ್ಕಿ ಗಂಜಿಗೆ ಮೀನಿನ ಸಾರು. ಕರಾಮದ ಮೀನಿನಂಗಡಿಯಲ್ಲಿ ಬೂತಾಯಿ ಸಿಗದೇ ಇರುತ್ತಾ? ಮಗುವನ್ನು ಗಾಡಿಯಲ್ಲಿ ಮಲಗಿಸಿ ಸಂಜೆ ಜಬೀಲ್ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆದರೆ ಆ ಅಮೆರಿಕಾದವರ ವ್ಯಾಯಾಮ ಆದಂತೆಯೇ. ಬೇಸಿಗೆಯಲ್ಲಿ ಮಾಲಿನೊಳಗೆ ನಡೆಯಲಿ, ಬರ್ಜುಮಾನ್ ಪಕ್ಕದಲ್ಲೇ ಇದೆ. ಮಗು ದಿನಕ್ಕೆ ಕನಿಷ್ಠ ಆರು ಸಲ ಬಟ್ಟೆ ಒದ್ದೆ ಮಾಡ್ತಾ, ಅದರ ತೂಕ ಡಾಕ್ಟರ ಚಾರ್ಟಿನಲ್ಲಿ ಏರ್ತಾ ಇದ್ದರೆ ಹಾಲು ಸಾಕಾಗ್ತಿದೆ ಅಂತಲೇ ಅರ್ಥ. ತೂಕ ಜಗ್ಗದೇ ಇದ್ದರೆ, ಇಲ್ಲವೇ ಕಾರಣವಿಲ್ಲದೆ ಸರ್ರನೆ ಇಳಿದರೆ, ಥೈರಾಯ್ಡ್ ನೋಡಿಸಬೇಕು. ಹೆರಿಗೆಯ ನಂತರ ಅದು ಏರುಪೇರಾಗೋದು ಉಂಟು. ಉಪವಾಸಕ್ಕೆ ಕೂರುವ ಮುಂಚೆ ರಕ್ತಹೀನತೆಯನ್ನೂ ನೋಡಿಸಿ. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದಿದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ.

ನೋಡಿ, ಇಷ್ಟೇ ವಿಷಯ. ಎರಡು ಪುಟ. ಇದು ಕನ್ನಡದಲ್ಲಿ ಇಲ್ಲದೇ ಇರೋದರಿಂದ "ಡಯೆಟ್" ಅನ್ನೋ ಪದಕ್ಕೆ ನಮ್ಮ ಮನೆಗಳಲ್ಲಿ "ಊಟ ಬಿಡೋದು" ಅನ್ನೋ ಅರ್ಥ ಬಂದುಬಿಟ್ಟಿದೆ. ಮಗಳು ಡಯೆಟ್ ಅಂದ ಕೂಡಲೇ ಅಮ್ಮ "ಮಗುವಿಗೆ ಹಾಲಿಲ್ಲದ ಹಾಗೆ ಮಾಡ್ತೀಯಾ?" ಅಂತ ಕಣ್ಣೀರು ಹಾಕ್ತಾರೆ. ಮಗಳೂ ಅದೇ ಅರ್ಥದಲ್ಲೇ ಊಟ ಬಿಡ್ತಾಳೆ! ನಮ್ಮಲ್ಲಿ "ಪಥ್ಯ" ಅನ್ನೋ ಪದ ಇತ್ತು. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅನ್ನೋದೇ ಅದರಲ್ಲಿತ್ತು. ಅದನ್ನು ಬಿಟ್ಟು ಡಯೆಟ್ ಹಿಡಿದೆವು. ಈಗ ಎರಡೂ ಕೈಗೆ ಸಿಗ್ತಾ ಇಲ್ಲ.

"ಇಂಥ ವಿಷಯ ಕನ್ನಡದಲ್ಲಿ ಬರೆಯೋಕಾಗಲ್ಲ, ಪದಗಳಿಲ್ಲ" ಅನ್ನೋ ಸೋಮಾರಿ ಮಾತು ಬೇಡ. ಡಾಕ್ಟರ್ ಅನುಪಮಾ ನಿರಂಜನ 1991ರಲ್ಲಿ ತೀರಿಕೊಳ್ಳುವ ಮೊದಲೇ 'ತಾಯಿ-ಮಗು' ಬರೆದಿದ್ದರು, 'ಕೇಳು ಕಿಶೋರಿ' ಬರೆದಿದ್ದರು. ಇಂಟರ್ನೆಟ್ ಇಲ್ಲದ ಕಾಲದಲ್ಲಿ, ಹಳ್ಳಿಯ ಹೆಣ್ಣುಮಗಳಿಗೂ ಅರ್ಥವಾಗೋ ಕನ್ನಡದಲ್ಲಿ, ಮೈ-ಬಸಿರು-ಹೆರಿಗೆಯ ವಿಷಯವನ್ನು ನಾಚಿಕೆಯಿಲ್ಲದೆ ಹೇಳಿದ ಡಾಕ್ಟರು ಆಕೆ. ಮನಸ್ಸಿನ ಕಾಯಿಲೆಗಳ ಬಗ್ಗೆ ನಿಮ್ಹಾನ್ಸಿನ ಡಾಕ್ಟರ್ ಸಿ.ಆರ್. ಚಂದ್ರಶೇಖರ್ ಒಬ್ಬರೇ ಬರೆದಿರೋ ಕನ್ನಡ ಪುಸ್ತಕಗಳು ಒಂದು ಕಪಾಟು ತುಂಬುತ್ತೆ. ಪದಗಳಿದ್ದವು. ಬರೆಯೋ ಮನಸ್ಸಿತ್ತು. ಇವತ್ತು ಕರ್ನಾಟಕದಲ್ಲಿ ಓದಿ ದುಬೈ, ಅಬುಧಾಬಿ, ಶಾರ್ಜಾದಲ್ಲಿ ಕೆಲಸ ಮಾಡೋ ವೈದ್ಯರು, ನರ್ಸುಗಳು, ಆಹಾರ ತಜ್ಞರು ಎಷ್ಟು ಜನ! ಅವರಲ್ಲೊಬ್ಬರು ಒಂದು ಸಂಜೆ ಕೂತರೆ ಆಗೋ ಕೆಲಸ ಇದು.

ಗಂಡಸರಿಗೂ ಒಂದು ಮಾತು. ಈ ಮಿಂಚಂಚೆ ಓದೋರಲ್ಲಿ ಹೆಚ್ಚಿನವರು ಅವರೇ ಅಂತ ನಮಗೆ ಗೊತ್ತು. ಹೆಂಡತಿಯ ಕಂಪನಿಯ ಎಚ್‌ಆರ್‌ನವರಿಗೆ ಕಾನೂನು ನೆನಪಿಸಿದ್ದೀರಾ? ಹೆರಿಗೆಯಾದ ದಿನದಿಂದ ಆರು ತಿಂಗಳವರೆಗೆ ಹಾಲೂಡಿಸಲು ದಿನಕ್ಕೆ ಒಂದೋ ಎರಡೋ ಬಿಡುವು, ಒಟ್ಟು ಒಂದು ಗಂಟೆ, ಅವಳ ಹಕ್ಕು. ಹಳೆಯ 1980ರ ಕಾನೂನಿನಲ್ಲಿ ಇದು 18 ತಿಂಗಳವರೆಗೆ ಇತ್ತು, ಹೊಸದರಲ್ಲಿ ಆರಕ್ಕೆ ಇಳಿದಿದೆ. ಇದೇ ದೇಶದ ಫೆಡರಲ್ ನ್ಯಾಷನಲ್ ಕೌನ್ಸಿಲ್ 2014ರ ಜನವರಿಯಲ್ಲಿ ತಾಯಂದಿರು ಎರಡು ವರ್ಷ ಹಾಲೂಡಿಸಲೇಬೇಕು ಅನ್ನೋ ಷರತ್ತಿಗೆ ಒಪ್ಪಿಗೆ ಕೊಟ್ಟು ಜಗತ್ತಿಗೆಲ್ಲ ಸುದ್ದಿಯಾಗಿತ್ತು! ವಿಶ್ವ ಆರೋಗ್ಯ ಸಂಸ್ಥೆ ಕೇಳೋದೂ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಮತ್ತು ಮುಂದಕ್ಕೂ. 60 ದಿನದ ರಜೆ, ಒಂದು ಗಂಟೆಯ ಬಿಡುವು, ಅದರ ಮೇಲೆ ಮೂರು ತಿಂಗಳಲ್ಲಿ ಹಳೆಯ ಸೈಜಿಗೆ ಬರಬೇಕು ಅನ್ನೋ ಒತ್ತಡ. ಒಂಬತ್ತು ತಿಂಗಳಲ್ಲಿ ಏರಿದ್ದು ಒಂಬತ್ತು ತಿಂಗಳಲ್ಲಾದರೂ ಇಳಿಯಲಿ ಬಿಡಿ. ರಾತ್ರಿ ಮೂರು ಸಲ ಎದ್ದವಳಿಗೆ ಬೆಳಗ್ಗೆ ವ್ಯಾಯಾಮ ಮಾಡು ಅನ್ನೋ ಮೊದಲು ನಾಲ್ಕನೇ ಸಲ ನೀವು ಎದ್ದಿದ್ದಿರಾ?

ಸಂಘಗಳಿಗೆ ಬರೋಣ. ಇಲ್ಲಿನ ಕನ್ನಡ ಮಿತ್ರರು ನಡೆಸುವ ಕನ್ನಡ ಪಾಠಶಾಲೆ ನೋಡಿದರೆ, ಮನಸ್ಸು ಮಾಡಿದರೆ ನಮ್ಮವರು ದುಡ್ಡು ಕೇಳದೆ ಎಂಥ ಕೆಲಸ ಮಾಡಬಲ್ಲರು ಅಂತ ಗೊತ್ತಾಗುತ್ತೆ. ಮಕ್ಕಳಿಗೆ ಅಕ್ಷರ ಕಲಿಸಬಹುದಾದರೆ ಅವರ ಅಮ್ಮಂದಿರಿಗೆ ಎರಡು ಪುಟ ಅಚ್ಚು ಹಾಕಿಸೋಕಾಗಲ್ವಾ? ವೇದಿಕೆಗೆ ಒಬ್ಬ ಹಾಡುಗಾರನನ್ನು ಕರೆಸೋ ವಿಮಾನದ ಟಿಕೆಟ್ಟಿಗಿಂತ ಇದು ಅಗ್ಗ. ಕರ್ನಾಟಕ ಸರ್ಕಾರ 2017ರಲ್ಲಿ ಮಾತೃಪೂರ್ಣ ಅಂತ ಶುರುಮಾಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿಯೂಟ ಕೊಡುತ್ತಿದೆ. ಅಲ್ಲಿ ಹೊಟ್ಟೆಗಿಲ್ಲದ ತಾಯಿಯ ಚಿಂತೆ. ಇಲ್ಲಿ ತಟ್ಟೆ ತುಂಬಿದ್ದೂ ದಾರಿ ತಿಳಿಯದ ತಾಯಿಯ ಚಿಂತೆ. ಎರಡನೆಯದನ್ನು ನಾವೇ ನೋಡಿಕೊಳ್ಳಬೇಕು, ಅದಕ್ಕೆ ಬೆಂಗಳೂರಿನಿಂದ ಯಾರೂ ಬರೋದಿಲ್ಲ.

ಆ ಎರಡು ಪುಟದಲ್ಲಿ ಏನಿರಬೇಕು ಅಂತ ಮೇಲೆಯೇ ಬರೆದಾಗಿದೆ. ನೀರಿನ ವಿಷಯ ಮೊದಲ ಸಾಲಿನಲ್ಲೇ ಇರಲಿ, ದಪ್ಪ ಅಕ್ಷರದಲ್ಲಿ. ಹಳೇ ಮೈಸೂರಿನ ಮುದ್ದೆಯೂ ಉತ್ತರ ಕರ್ನಾಟಕದ ಜೋಳದ ರೊಟ್ಟಿಯೂ ಕರಾವಳಿಯ ಗಂಜಿಯೂ ಅದರಲ್ಲಿರಲಿ, ಓಟ್ಸು-ಅವಕಾಡೋ ಬೇಡ. ಕೆಳಗೆ ಒಬ್ಬ ಡಾಕ್ಟರ ಹೆಸರಿರಲಿ. ವಯಸ್ಸಾದ ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರ ಇರಲಿ. ಅಚ್ಚಾದ ಪ್ರತಿ ಕರಾಮ, ಔದ್ ಮೇತಾ, ಬರ್ ದುಬೈ ಕಡೆಯ ಕ್ಲಿನಿಕ್ಕುಗಳಿಗೂ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಗೂ ತಲುಪಲಿ. ಹಳಬರು ಇನ್ನೂ ಅಲ್ ವಾಸಲ್ ಅಂತಲೇ ಕರೆಯೋ ಲತೀಫಾ ಆಸ್ಪತ್ರೆಯವರನ್ನೂ ಕೇಳಿ ನೋಡೋಣ.

ಬರೆಯಲು ಸಿದ್ಧವಿರುವ ವೈದ್ಯರು, ನರ್ಸುಗಳು, ಆಹಾರ ತಜ್ಞರು ಈ ಮಿಂಚಂಚೆಗೇ ಉತ್ತರಿಸಿ. ಬರೆದದ್ದನ್ನು ಅಚ್ಚಿಗೆ ಕಳಿಸುವ ಮುಂಚೆ ಅಡುಗೆಮನೆಯಲ್ಲಿರೋ ಒಬ್ಬ ಅಮ್ಮನಿಗೆ ಓದಿ ಹೇಳಿ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಸಿಟ್ಟು ಬಂತು ಅನ್ನೋದನ್ನೂ ಜೊತೆಗೆ ಬರೆದು ಕಳಿಸಿ.